ಅತ್ತೆ, ದೋಸೆಯ ಸಟ್ಟುಗ ಮತ್ತು ನನ್ನ ತೊಡೆಯ ಗುಂಡು

ನನ್ನ ಸೋದರತ್ತೆಯ ಪಕ್ಕ ಕುಳಿತು ಸಿನಿಮಾ ನೋಡುವುದಕ್ಕಿಂತ, ಬದಲಾಪುರದಿಂದ ತುಂಬಿ ಬರುವ ಬೆಳಗಿನ ಲೋಕಲ್ ರೈಲಿಗೆ ಡೊಂಬಿವಲಿಯಲ್ಲಿ ಹತ್ತುವುದು ಸುಲಭ! ಥಾಣೆಯ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಿ ನಿವೃತ್ತರಾದವರು ಅವರು. ಪರದೆಯ ಮೇಲೆ ಯಾರು ಯಾರಿಗೆ ಗುಂಡು ಹೊಡೆದರೂ ಆ ಕೇಸು ತಮ್ಮದೇ ಎಂಬ ನಂಬಿಕೆ ಅವರಿಗೆ.

ನಾಯಕನ ಭುಜಕ್ಕೆ ಗುಂಡು ತಗಲುತ್ತದೆ. ನಾಯಕಿ ಸೆರಗು ಹರಿದು ಕಟ್ಟುತ್ತಾಳೆ. ಮುಂದಿನ ದೃಶ್ಯದಲ್ಲಿ ಅವನು ಅದೇ ಕೈಯಿಂದ ಅವಳನ್ನೆತ್ತಿಕೊಂಡು ಕುಣಿಯುತ್ತಾನೆ. ನಾವೆಲ್ಲ ಪಾಪ್‌ಕಾರ್ನ್ ತಿನ್ನುತ್ತಿದ್ದರೆ, ಆ ಕೈಯ ನರ ಏನಾಯಿತು, ಮೂಳೆ ಏನಾಯಿತು ಎಂದು ಅತ್ತೆ ಇಡೀ ಸಾಲಿಗೆ ಕೇಳುವಂತೆ ವಿಚಾರಿಸುತ್ತಾರೆ. ವಾಶಿಯ ಮಾಲ್ ಒಂದರಲ್ಲಿ ಹಿಂದಿನ ಸೀಟಿನವರು, ಆಂಟಿ, ಪಿಕ್ಚರ್ ನೋಡಲು ಬಿಡಿ ಎಂದು ಬೇಡಿಕೊಂಡರು.

"ಆಪ್ ಪಿಕ್ಚರ್ ದೇಖೋ, ಮೈ ಪೇಶಂಟ್ ದೇಖ್ ರಹೀ ಹೂಂ," ಎಂದರು ಅತ್ತೆ. ಅವರು ಪಿಕ್ಚರ್ ನೋಡಲಂತೆ, ಇವರು ಪೇಶಂಟನ್ನು ನೋಡುತ್ತಿದ್ದಾರಂತೆ!

ಇಂಥವರ ಮಾತನ್ನು ಯಾರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಹೇಳಿ? ನಾನಂತೂ ಹಚ್ಚಿಕೊಂಡಿರಲಿಲ್ಲ, ನನಗೇ ಗುಂಡು ಬೀಳುವ ತನಕ.

ಗಾಬರಿಯಾಗಬೇಡಿ, ನಾನು ಭೂಗತ ಲೋಕದವನಲ್ಲ. ಕಲ್ಯಾಣ ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟುಕೊಂಡವನು. ಒಂದು ಮಧ್ಯಾಹ್ನ ಅತ್ತೆ ಮಸಾಲೆದೋಸೆಗೆ ಬಂದಿದ್ದರು. ಚಿನ್ನದ ವ್ಯಾಪಾರಿಯೊಬ್ಬರ ಅಂಗರಕ್ಷಕ ಚಹಾಕ್ಕೆಂದು ಕೂರುವಾಗ ಅವನ ಸೊಂಟದ ರಿವಾಲ್ವರ್ ಜಾರಿ ನೆಲಕ್ಕೆ ಬಿತ್ತು. ಢಂ ಎಂದಿತು. ನಾನು ಗಲ್ಲಾದ ಪಕ್ಕ ಕುಸಿದೆ. ತೊಡೆಯಿಂದ ರಕ್ತ ಚಿಮ್ಮುತ್ತಿತ್ತು.

ನಮ್ಮವರ ಸಿನಿಮಾಜ್ಞಾನವೆಲ್ಲ ಎಚ್ಚೆತ್ತಿತು. ಕಾಲಿಗೆ ತಾನೇ, ಏನೂ ಆಗುವುದಿಲ್ಲ ಎಂದು ಗಿರಾಕಿಗಳು ಧೈರ್ಯ ಹೇಳಿದರು. ಸಪ್ಲಾಯರ್ ಗಾಯಕ್ಕೆ ಮೆತ್ತಲು ಕಾಫಿಪುಡಿಯ ಡಬ್ಬ ತಂದ. ಅಡುಗೆಯ ಭಟ್ಟರು ಇನ್ನೂ ಮುಂದೆ ಹೋಗಿ, ಗುಂಡು ಕೀಳಲೆಂದು ದೋಸೆಯ ಸಟ್ಟುಗವನ್ನೇ ಕಾವಲಿಯ ಮೇಲೆ ಕಾಯಿಸಿ ಹಿಡಿದುಕೊಂಡು ಬಂದರು!

"ಭಟ್ರೇ, ಅದ್ರಲ್ಲಿ ದೋಸೆ ಮಗುಚಿ. ಗುಂಡು ಇದ್ದಲ್ಲೇ ಇರ್ಲಿ," ಎಂದರು ಅತ್ತೆ.

ಸೆರಗನ್ನು ಮುದ್ದೆ ಮಾಡಿ ಗಾಯದೊಳಕ್ಕೆ ತುರುಕಿ, ಅದರ ಮೇಲೆ ಎರಡೂ ಕೈ ಊರಿ ಮೈಭಾರವನ್ನೆಲ್ಲ ಹಾಕಿದರು. ನೋವಿಗೆ ನಾನು ಅರಚಿಕೊಂಡೆ. ಆಂಬುಲೆನ್ಸ್ ಬರುವ ತನಕ, ಅದು ಆಸ್ಪತ್ರೆ ಮುಟ್ಟುವ ತನಕ ಅವರು ಕೈ ತೆಗೆಯಲಿಲ್ಲ. ತೆಗೆದಿದ್ದರೆ ದಾರಿಯಲ್ಲೇ ಮುಗಿಯುತ್ತಿದ್ದೆನಂತೆ. ಅವರ ಬಾಯಿಗೆ ಹೆದರುತ್ತಿದ್ದ ನಾನು ಅಂದಿನಿಂದ ಆ ಕೈಗಳಿಗೆ ಶರಣು.

ಗುಂಡು ಇವತ್ತಿಗೂ ನನ್ನ ತೊಡೆಯಲ್ಲೇ ಇದೆ. ತೆಗೆಯಲು ಹೋದರೇ ಹೆಚ್ಚು ಅಪಾಯವಂತೆ. ನೋಡಲು ಬಂದವರಿಗೆಲ್ಲ ನಿರಾಶೆ. ಸಿನಿಮಾದ ಹಾಗೆ ತಟ್ಟೆಗೆ ಟಣ್ ಎಂದು ಬೀಳದ ಗುಂಡು ಎಂಥ ಗುಂಡು? ವಾರದಲ್ಲಿ ಓಡಾಡುತ್ತಾನೆ ಎಂದವರೂ ಇದ್ದರು. ಊರುಗೋಲಿಲ್ಲದೆ ನಿಲ್ಲಲು ನನಗೆ ವರ್ಷವೇ ಬೇಕಾಯಿತು. ಅಷ್ಟು ಕಾಲವೂ ಅತ್ತೆ ಥಾಣೆಯಿಂದ ಲೋಕಲ್ ಹಿಡಿದು ಬಂದು, ಬೈದು ಬೈದು ನನ್ನನ್ನು ನಡೆಸಿದರು.

ಮೊನ್ನೆ ಮತ್ತೆ ಸಿನಿಮಾಕ್ಕೆ ಹೋದೆವು. ನಾಯಕನ ತೊಡೆಗೇ ಗುಂಡು ಬಿತ್ತು. ಅವನು ಎದ್ದು ಓಡಿದ! ಇನ್ನು ಅತ್ತೆ ಶುರು ಮಾಡುತ್ತಾರೆ ಎಂದು ಕಾದೆ. ಆದರೆ ಕತ್ತಲಲ್ಲಿ ಅವರ ಎರಡೂ ಕೈ ನನ್ನ ತೊಡೆಯ ಮೇಲೆ, ಅದೇ ಜಾಗದಲ್ಲಿ, ಒತ್ತಿ ಹಿಡಿದಿದ್ದವು.

"ಅತ್ತೆ, ರಕ್ತ ನಿಂತು ಎಷ್ಟೋ ಕಾಲ ಆಯ್ತಲ್ಲ," ಎಂದೆ.

"ಗೊತ್ತುಂಟು ಮಾರಾಯ. ನೀನು ಪಿಕ್ಚರ್ ನೋಡು."

ಇಂಟರ್‌ವಲ್ಲಿನ ದೀಪ ಹತ್ತಿದರೂ ಅವರು ಕೈ ತೆಗೆಯಲಿಲ್ಲ.