ಜಾಣಾ ಸೈ

ಅನಂತರಾಮ ಮಡಿಕೇರಿಯಲ್ಲಿ ಹುಟ್ಟಿದ್ದೇ ಎಲ್ಲಕ್ಕೂ ಕಾರಣ. ಅವನ ಅಪ್ಪ ಅಲ್ಲಿ ಪೋಸ್ಟ್ ಮಾಸ್ಟರಾಗಿದ್ದದ್ದು ಎಂಟೇ ತಿಂಗಳು. ಅಷ್ಟರೊಳಗೆ ಇವನು ಅವಸರಪಟ್ಟು ಹುಟ್ಟಿಬಿಟ್ಟಿದ್ದ. ಫರೀದಾಬಾದಿನ ಕಾರ್ಖಾನೆಗೆ ಸೇರುವಾಗ ಅರ್ಜಿಯಲ್ಲಿ ಆ ಊರಿನ ಹೆಸರು ಕಂಡ ಮಾಲೀಕ ಚೌಧರಿ ಸಾಹೇಬರು, "ಕೂರ್ಗ್! ಬಂದೂಕ್ ವಾಲಾ!" ಎಂದು ಬೆನ್ನು ತಟ್ಟಿದ್ದರು. ಅನಂತರಾಮ ಅಲ್ಲ ಎನ್ನಲಿಲ್ಲ. ಒಂಬತ್ತು ವರ್ಷ ಮಲಗಿದ್ದ ಆ ಮಾತು 2004ರ ಮೇ ತಿಂಗಳ ಒಂದು ಭಾನುವಾರ ಎದ್ದು ಕೂತಿತು.

ಸಾಹೇಬರ ಬಳಿ ತಾತನ ಕಾಲದ ರೈಫಲ್ ಒಂದಿತ್ತು. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಮೇಲೆ ಸೀಸದ ಗುಂಡು ಜಡಿದು ಹೊಡೆಯುವಂಥದ್ದು. ಚಳಿಗಾಲಕ್ಕೆ ಹಳೇ ಬಂದೂಕುಗಳ ಸ್ಪರ್ಧೆ ಇತ್ತು. ಅದಕ್ಕೆಂದು ಸಾಹೇಬರು ಹೆಂಡತಿಯ ಹಲ್ವಾ ಬಾಣಲೆಯಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ನಲವತ್ತು ಗುಂಡು ಮಾಡಿದ್ದರು. ಅವು ಗುರಿಗೆ ನೆಟ್ಟಗೆ ಹೋಗುತ್ತವೋ ಇಲ್ಲವೋ ಹೊಡೆದು ನೋಡುವ ಕೆಲಸ ಅನಂತರಾಮನ ಹೆಗಲಿಗೆ ಬಿತ್ತು.

ಆಗುವುದಿಲ್ಲ ಎನ್ನುವ ಹಾಗಿರಲಿಲ್ಲ. ತುಮಕೂರಿನ ಗೋದಾಮಿಗೆ ವರ್ಗ ಕೇಳಿ ಅವನು ಕೊಟ್ಟ ಅರ್ಜಿ ಸಾಹೇಬರ ಜೇಬಿನಲ್ಲಿತ್ತು. ಇಲ್ಲಿನ ದೂಳಿಗೆ ಹೆಂಡತಿ ಸುಮಿತ್ರಾಗೆ ಉಬ್ಬಸ. ಇನ್ನೊಂದು ಬೇಸಿಗೆ ಇಲ್ಲಿ ಬೇಡ ಎಂದು ಡಾಕ್ಟರೇ ಹೇಳಿದ್ದರು. ಶೂಟಿಂಗ್ ರೇಂಜಿನಲ್ಲೇ ಸಹಿ ಹಾಕುವುದಾಗಿ ಸಾಹೇಬರು ಹೇಳಿಕಳಿಸಿದ್ದೇ ತಡ, ಸುಮಿತ್ರಾ ಟ್ರಂಕುಗಳನ್ನು ಕಟ್ಟಿಟ್ಟು, ಕೂಲರನ್ನು ಪಕ್ಕದ ಮನೆ ಉಷಾಗೆ ಕೊಟ್ಟುಬಿಟ್ಟಿದ್ದಳು.

"ಸಹಿ ಆಗ್ಲಿ ಕಣೇ, ಆಮೇಲೆ ಕೊಡಬಹುದಿತ್ತು."

"ಉಷಾ ಆಗ್ಲೇ ನೀರು ತುಂಬಿ ಹಾಕ್ಕೊಂಡ್ಲು ರೀ. ವಾಪಸ್ ಕೇಳಕ್ಕಾಗತ್ತಾ?"

ಉಷಾಳ ಗಂಡ ಸೋಮಶೇಖರ ಅದೇ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುವವನು. ಫರೀದಾಬಾದಿನಲ್ಲಿ ಇಪ್ಪತ್ತು ವರ್ಷ ಕಳೆದವನು. ಸಲಹೆ ಕೊಡದೆ ಅವನಿಗೆ ಊಟ ಸೇರುತ್ತಿರಲಿಲ್ಲ. ತಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟ.

"ಅನಂತು, ಒಂದ್ ಮಾತು ಹೇಳ್ತೀನಿ. ಗುಂಡೆಲ್ಲ ಸರಿಯಾಗಿ ಬಿತ್ತು ಅಂತಿಟ್ಕೋ. ಸ್ಪರ್ಧೆಗೂ ನೀನೇ ಬೇಕು ಅಂತಾರೆ. ತುಮಕೂರಿಗೆ ಬಿಡ್ತಾರಾ?"

"ಬೀಳದಿದ್ರೆ?"

"ಕೂರ್ಗ್ ಅಂತ ಮೋಸ ಮಾಡ್ದ, ತೊಲಗಲಿ ಅಂತಾರೆ. ತೊಲಗೋದು ಎಲ್ಲಿಗೆ? ಅರ್ಜಿ ಜೇಬಲ್ಲೇ ಇದೆಯಲ್ಲ!"

"ಸೋಮಣ್ಣ, ನೀವು ದೇವರು!"

"ಅದಿರ್ಲಿ, ಕೂಲರಿನ ಪಂಪು ಯಾವ ಅಂಗಡೀದು? ಗೊರಗೊರ ಅಂತಿದೆ."

ಅರಾವಳಿಯ ಬಂಡೆಗಳ ಬುಡದಲ್ಲಿದ್ದ ರೇಂಜು ಕಾದ ಕಾವಲಿಯ ಹಾಗಿತ್ತು. ಸೋಮಶೇಖರ ಹಿಂದೆ ನೆರಳು ಹುಡುಕಿ ನಿಂತ. ಸಾಹೇಬರು ಗುಂಡಿನ ಡಬ್ಬಿಯನ್ನು ಪ್ರಸಾದದಂತೆ ಮುಂದೆ ಹಿಡಿದರು. ಕಾರ್ಖಾನೆಯಲ್ಲಿ ಅನಂತರಾಮನದು ಮಾಲಿನ ಗುಣಮಟ್ಟ ನೋಡುವ ಕೆಲಸ. ಕೈ ಸುಮ್ಮನಿರಲಿಲ್ಲ. ಚೀಲದಿಂದ ಪುಟ್ಟ ತಕ್ಕಡಿ ತೆಗೆದು ಒಂದೊಂದೇ ತೂಗಿದ. ಒಳಗೆ ಗಾಳಿಗುಳ್ಳೆ ಹಿಡಿದು ತೂಕ ತಪ್ಪಿದ ಮೂವತ್ತೈದನ್ನು "ರಿಜೆಕ್ಟ್" ಎಂದು ಪಕ್ಕಕ್ಕೆ ತಳ್ಳಿದ. ತಳ್ಳಿದ ಮೇಲೆ, ಇವು ಸಾಹೇಬರೇ ಕೈಯಾರೆ ಹೊಯ್ದವು ಎಂಬುದು ನೆನಪಾಗಿ ತಕ್ಕಡಿಯನ್ನು ಚೀಲಕ್ಕೆ ತುರುಕಿದ. ಸಾಹೇಬರ ಮೀಸೆ ಅದುರಿತು. ಗುರಿ ತಪ್ಪಬೇಕೆಂದು ಬಂದವನು ಚಿನ್ನದಂಥ ಐದನ್ನೇ ಆರಿಸಿಟ್ಟಿದ್ದ.

ಸಾಹೇಬರು ಏನೋ ಉದ್ದಕ್ಕೆ ಹೇಳತೊಡಗಿದರು. ಅವರದು ಹರಿಯಾಣದ ಹಳ್ಳಿಯ ಮಾತು, ಲಾರಿಯಿಂದ ಜಲ್ಲಿ ಸುರಿದ ಹಾಗೆ. ಒಂಬತ್ತು ವರ್ಷದಲ್ಲಿ ಅನಂತರಾಮನಿಗೆ ತಿಳಿದದ್ದು ಒಂದೇ ಪದ. ಸಾಹೇಬರು ಏನೇ ಹೇಳಲಿ, ಕೊನೆಗೆ "ಸೈ" ಎನ್ನುತ್ತಿದ್ದರು. ಸೈ ಎಂದಮೇಲೆ ಒಪ್ಪಿದಂತೆಯೇ ತಾನೇ? ಎಲ್ಲಕ್ಕೂ ಸೈ ಎನ್ನುವ ಯಜಮಾನ ಯಾರಿಗೆ ಸಿಗುತ್ತಾನೆ! ಹಾಗಾಗಿ ಅವನೂ ಎಲ್ಲಕ್ಕೂ "ಹಾಂಜಿ" ಎನ್ನುತ್ತಿದ್ದ. ಈಗಲೂ ಸಾಹೇಬರು ಬಲಗೈಯನ್ನು ನೊಣ ಓಡಿಸುವವರ ಹಾಗೆ ಬೀಸಿ ಬೀಸಿ ಹೇಳಿ, "ಸೈ" ಎಂದು ಮುಗಿಸಿದರು.

"ಹಾಂಜಿ," ಎಂದ ಅನಂತರಾಮ. ನಿಜಕ್ಕೂ ನೊಣ ಬಹಳ ಇದ್ದವು.

ರೇಂಜಿನ ಉಸ್ತಾದ ಮದ್ದು ತುಂಬಿ ರೈಫಲ್ ಕೈಗಿತ್ತ. ಐವತ್ತು ಗಜದಾಚೆ ಹಲಗೆಯ ನಡುವೆ ರೊಟ್ಟಿಯಗಲದ ಕಪ್ಪು ಬೊಟ್ಟು. ಅನಂತರಾಮ ಸುಮಿತ್ರಾಳನ್ನು ನೆನೆದು, ಬೊಟ್ಟಿನಿಂದ ಒಂದು ಮೊಳ ಎಡಕ್ಕೆ, ಹಲಗೆಯ ಖಾಲಿ ಅಂಚಿಗೆ ಗುರಿಯಿಟ್ಟು ರೈಫಲಿನ ಕುದುರೆ ಎಳೆದ. ಬಂದೂಕು ಎತ್ತಿನಂತೆ ಹೆಗಲಿಗೆ ಒದೆಯಿತು. ಹಸಿ ಬೆರಣಿಯ ಒಲೆಯಂತೆ ಹೊಗೆ ಕವಿಯಿತು. ಕಿವಿಯಲ್ಲಿ ಜೀರುಂಡೆ ಕೂಗತೊಡಗಿತು. ಐದೂ ಗುಂಡನ್ನು ಅದೇ ಅಂಚಿಗೆ, ಅಷ್ಟೇ ಶ್ರದ್ಧೆಯಿಂದ ಹೊಡೆದ. ತಪ್ಪಿಸುವುದರಲ್ಲೂ ಗುಣಮಟ್ಟ ಇರಬೇಕಲ್ಲ!

ಉಸ್ತಾದ ಹೋಗಿ ನೋಡಿ, ಹಲಗೆಯನ್ನೇ ಕಿತ್ತುಕೊಂಡು ಓಡಿ ಬಂದ. ಐದು ತೂತು, ಐದೂ ಕಪ್ಪು ಬೊಟ್ಟಿನೊಳಗೆ. ಮುಚ್ಚಲು ರೊಟ್ಟಿ ಬೇಡ, ಒಂದು ಪೂರಿ ಸಾಕು.

ಸಾಹೇಬರು ಅವನನ್ನು ಅಪ್ಪಿ ನೆಲದಿಂದೆತ್ತಿದರು. ಇಳಿಸಿ, ಜೇಬಿನಿಂದ ಅರ್ಜಿ ತೆಗೆದರು, ಪೆನ್ನೂ ತೆಗೆದರು. ಅವನ ಮುಖವನ್ನೇ ನೋಡುತ್ತ, "ಇಬ ತೋ ತುಮಕೂರ್ ಕೋನ್ಯಾ ಜಾಣಾ ಸೈ?" ಎಂದರು.

ಜೀರುಂಡೆಯ ಗದ್ದಲದ ನಡುವೆಯೂ ಅನಂತರಾಮನಿಗೆ ಅಚ್ಚಗನ್ನಡ ಕೇಳಿಸಿತು. ತುಮಕೂರು! ಜಾಣಾ! ಸೈ! ಕಣ್ಣಲ್ಲಿ ನೀರು ಬಂತು.

"ಹಾಂಜಿ! ಹಾಂಜಿ ಸಾಬ್! ಹಾಂಜಿ!"

ಸಾಹೇಬರ ಕಣ್ಣೂ ಒದ್ದೆಯಾಯಿತು. ಪೆನ್ನನ್ನು ಜೇಬಿಗಿಟ್ಟು, ಅರ್ಜಿಯನ್ನು ಪರಪರ ಹರಿದು ಉಂಡೆ ಮಾಡಿ, ರಿಜೆಕ್ಟ್ ಆದ ಒಂದು ಗುಂಡಿನ ಜೊತೆಗೆ ನಳಿಗೆಗೆ ಜಡಿಸಿ, ಖುಷಿಗೆ ಎದುರಿನ ಮಣ್ಣಿನ ದಿಬ್ಬಕ್ಕೆ ಢಂ ಎನಿಸಿದರು. ಅರ್ಜಿ ಹೊಗೆಯಾಗಿ ದಕ್ಷಿಣಕ್ಕೆ ತೇಲಿತು. ತುಮಕೂರಿನ ಕಡೆಗೆ ಹೊರಟದ್ದು ಅದೊಂದೇ.

"ಸೋಮಣ್ಣ, ಏನಾಯ್ತು ಇದು?"

"ಏನಾಯ್ತು ಅಂತ ನನ್ನ ಕೇಳ್ತೀಯಾ? ಈ ಬಂದೂಕು ಬಲಕ್ಕೆ ಒಂದು ಮೊಳ ಎಳೆಯತ್ತೆ, ಎಡಕ್ಕೆ ಗುರಿಯಿಡು ಅಂತ ಸಾಹೇಬ್ರು ಬಾಯಿಬಿಟ್ಟು ಹೇಳಿದ್ರು. ನೀನು ಹಾಂಜಿ ಅಂದೆ, ಅರ್ಥ ಆಯ್ತು ಅಂದ್ಕೊಂಡೆ. ನೋಡಿದ್ರೆ ಅವರು ಹೇಳಿದ ಹಾಗೇ ಹೊಡೆದೆ."

"ಮತ್ತೆ... ಜಾಣ ಅಂದ್ರಲ್ಲ? ಸೈ ಅಂದ್ರಲ್ಲ?"

"ಅಯ್ಯೋ ಪುಣ್ಯಾತ್ಮ! ಜಾಣಾ ಅಂದ್ರೆ ಅವರ ಮಾತಲ್ಲಿ ಹೋಗೋದು. ಕೋನ್ಯಾ ಅಂದ್ರೆ ಇಲ್ಲ. ಸೈ ಅಂದ್ರೆ ನಮ್ಮ ಸೈ ಅಲ್ಲ, ಬರೀ 'ಇದೆ' ಅಂತ. ಇನ್ನು ತುಮಕೂರಿಗೆ ಹೋಗೋದಿಲ್ಲ ತಾನೇ ಅಂತ ಕೇಳಿದ್ರು. ಹೋಗ್ಬೇಕು ಅಂದಿದ್ರೆ ಆ ಖುಷಿಯಲ್ಲಿ ಸಹಿ ಹಾಕೇ ಬಿಡ್ತಿದ್ರು. ನಾನು ಬಾಯಿ ಹಾಕೋಷ್ಟರಲ್ಲಿ ನೀನು ಮೂರು ಸಲ ಹಾಂಜಿ ಅಂದೆ!"

ಮನೆಯ ಹತ್ತಿರ ಬಂದಾಗ ಅನಂತರಾಮ, "ಸೋಮಣ್ಣ, ಆ ಕೂಲರು..." ಎಂದ. ಸೋಮಶೇಖರ ಜೋರಾಗಿ ಹಾರ್ನ್ ಹೊಡೆದ.

ಸುಮಿತ್ರಾ ಕಟ್ಟಿದ ಟ್ರಂಕಿನ ಮೇಲೆ ಕೂತು ಉಸಿರಿಗೆ ತಿಣುಕುತ್ತ ಕಾಯುತ್ತಿದ್ದಳು. ಗೋಡೆಯಾಚೆ ಕೂಲರು ಗೊರಗೊರ ಎನ್ನುತ್ತಿತ್ತು.

"ರೀ, ಸಾಹೇಬ್ರು ಸೈ ಅಂದ್ರಾ?"

ಅನಂತರಾಮ ಸುಳ್ಳು ಹೇಳುವವನಲ್ಲ.

"ಸೈ ಅಂದ್ರು," ಎಂದು, ಉಳಿದದ್ದನ್ನು ಹೇಳಲು ಉಸಿರೆಳೆದುಕೊಂಡ. ಅಷ್ಟರಲ್ಲಿ ಸುಮಿತ್ರಾ ಮನೆಯಲ್ಲುಳಿದಿದ್ದ ಒಂದೇ ಒಂದು ಟೇಬಲ್ ಫ್ಯಾನನ್ನೂ ಕಂಕುಳಿಗೇರಿಸಿಕೊಂಡು ಪಕ್ಕದ ಮನೆಯ ಕದ ತಟ್ಟುತ್ತಿದ್ದಳು.