ಹತ್ತು ಹೆಜ್ಜೆಯ ಪರೀಕ್ಷೆ

ಗುಮಾಸ್ತರಿಗೆ ಮಾವ ಕೊಟ್ಟ ಉಡುಗೊರೆಗೆ ನಾಲ್ಕು ಕಾಲಿದ್ದವು, ಜೊತೆಗೊಂದು ಷರತ್ತೂ ಇತ್ತು. ಕುದುರೆ ಲಾಯದಲ್ಲೇ ತಲೆ ನರೆಸಿಕೊಂಡ ಆ ಮನುಷ್ಯ ಎಳೆ ಕುದುರೆಯೊಂದನ್ನು ಅಳಿಯನ ಅಂಗಳದಲ್ಲಿ ಕಟ್ಟಿ, "ಅಳಿಯಂದ್ರೇ, ಮೂರು ತಿಂಗಳು ಟೈಮು. ಮೇಲೆ ಕೂತು ಹತ್ತು ಹೆಜ್ಜೆ ನಡೆಸಿದ್ರೆ ನಿಮ್ಮದು, ಇಲ್ಲಾಂದ್ರೆ ವಾಪಸ್. ಹೊಡೆಯೋ ಹಾಗಿಲ್ಲ, ಅವಸರ ಮಾಡೋ ಹಾಗಿಲ್ಲ" ಎಂದಿದ್ದರು.

ಗುಮಾಸ್ತರಿಗೆ ಮೊದಲು ಭಯವಾಯಿತು, ಆಮೇಲೆ ಪ್ರೀತಿ ಹುಟ್ಟಿತು. ಕಚೇರಿಯಲ್ಲಿ ಯಾರೂ ಅವರ ಮಾತು ಕೇಳುತ್ತಿರಲಿಲ್ಲ. ಕುದುರೆ ಎರಡೂ ಕಿವಿ ನಿಮಿರಿಸಿ ಕೇಳುತ್ತಿತ್ತು. ಅದು ಬೆದರಬಾರದೆಂದು ದಿನವೂ ಡಬ್ಬ ಬಡಿದರು, ಛತ್ರಿ ಬಿಚ್ಚಿದರು. ಬೆನ್ನಿಗೆ ಮೊದಲು ಕಂಬಳಿ ಹೊದಿಸಿ, ವಾರಗಳ ನಂತರ ಜೀನು ಕಟ್ಟಿದರು. ಹತ್ತಲೆಂದು ಜೀನಿನಿಂದ ಇಳಿಬಿದ್ದ ರಿಕಾಪಿಗೆ ಕಾಲಿಡುವರು, ಎದೆ ಡವಡವ ಎಂದೊಡನೆ ಕಾಲು ತೆಗೆಯುವರು, ಕದಲದೆ ನಿಂತ ಕುದುರೆಗೆ ಒಂದು ಕ್ಯಾರೆಟ್ ಕೊಡುವರು. ಪಾಠ ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಸಂಜೆಯಾದರೆ ತಾವು ಮುಂದೆ, ಕುದುರೆ ಹಿಂದೆ, ಊರೆಲ್ಲ ತಿರುಗಾಟ.

ಗಡುವಿನ ದಿನ ಬಂದೇಬಿಟ್ಟಿತು. ಎದುರುಮನೆ ಅಜ್ಜಿಯೂ ಪಕ್ಕದ ಅಂಗಡಿಯ ಕ್ಷೌರಿಕನೂ ಮಧ್ಯಾಹ್ನದಿಂದಲೇ ಬೇಲಿಗೆ ಆತುಕೊಂಡಿದ್ದರು. ಗುಮಾಸ್ತರು ಕಣ್ಣು ಮುಚ್ಚಿ ಹತ್ತಿದರು. ಕುದುರೆ ಕತ್ತು ತಿರುಗಿಸಿ, ಕ್ಯಾರೆಟ್ ಎಲ್ಲಿ ಎಂಬಂತೆ ನೋಡಿತು. ಜಪ್ಪಯ್ಯ ಎಂದರೂ ಕದಲಲಿಲ್ಲ.

"ಸದ್ದು ಮಾಡಿದ್ರೆ ಓಡುತ್ತೆ" ಎಂದು ಕ್ಷೌರಿಕ ಡಬ್ಬ ಬಡಿದ. ಕುದುರೆ ಆಕಳಿಸಿತು.

"ನೀನು ಸರಿಯಪ್ಪ, ನಂಗೆ ಬಿಡು" ಎಂದು ಅಜ್ಜಿ ಅದರ ಮೂತಿಯೆದುರು ಫಟ್ಟೆಂದು ಛತ್ರಿ ಬಿಚ್ಚಿದರು. ನೆರಳಾಯಿತೆಂದು ಅದು ಕಣ್ಣು ಮುಚ್ಚಿತು.

ಹೆಂಡತಿ ಕ್ಯಾರೆಟ್ ತೋರಿಸಿ ಕರೆದಳು. ಬೇರೆಯವರ ಕೈಯ ಕ್ಯಾರೆಟ್ಟನ್ನು ಅದು ಮೂಸಿಯೂ ನೋಡಲಿಲ್ಲ.

"ರೀ, ಅಪ್ಪ ಬಂದ್ರು! ಇಳೀರಿ!"

"ಇಳಿಯೋ ಪಾಠ ಇನ್ನೂ ಆಗಿಲ್ಲ ಕಣೇ."

ಮಾವ ಕುದುರೆಗೆ ಒಂದು ಸುತ್ತು ಬಂದರು. "ಹತ್ತು ಬೇಡ, ಒಂದು ಹೆಜ್ಜೆ?"

"ಕುದುರೆ ತಪ್ಪಲ್ಲ ಮಾವ, ಮೇಷ್ಟ್ರು ದಡ್ಡ."

ಮಾವ ಅಳಿಯನನ್ನು ಮೂಟೆಯಂತೆ ಇಳಿಸಿ, ಷರತ್ತು ಷರತ್ತೇ ಎಂದು ಹಗ್ಗ ಎಳೆದರು. ಕುದುರೆ ನಿಂತಲ್ಲೇ ನಿಂತಿತು. ನೋಡಲಾರದೆ ಗುಮಾಸ್ತರು ಕಣ್ಣೊರೆಸಿಕೊಂಡು ಗೇಟಿನತ್ತ ನಡೆದರು. ಹಿಂದಿನಿಂದ ಟಕ್ ಟಕ್ ಸದ್ದು. ಕುದುರೆ ಮಾವನನ್ನೂ ಎಳೆದುಕೊಂಡು ಬರುತ್ತಿತ್ತು.

"ಮಾವ, ನಡೀತು!"

"ನಡೀತು. ಮೇಲೆ ನೀವಿರಲಿಲ್ಲ. ಹೀಗೇ ನಮ್ಮ ಲಾಯದವರೆಗೂ ಮುಂದೆ ನಡೀರಿ, ಎಂಟೇ ಮೈಲಿ. ನಾಳೆಯಿಂದ ಬೆಳಿಗ್ಗೆ ಐದಕ್ಕೆಲ್ಲ ಬಂದುಬಿಡಿ. ನೀವಿಲ್ದೆ ಇದನ್ನ ಹೊರಗೆ ಹೊರಡಿಸೋರು ಯಾರು?"

ಅಷ್ಟು ಹೇಳಿ ಮಾವ ಜೀನು ಬಿಚ್ಚಿದರು. "ಎಳೇ ಬೆನ್ನು, ಅಷ್ಟು ದೂರ ಭಾರ ಬೇಡ" ಎಂದು ಅದನ್ನು ಅಳಿಯನ ಹೆಗಲಿಗೇರಿಸಿದರು.

ಜೀನು ಹೊತ್ತ ಗುಮಾಸ್ತರು ಮುಂದೆ, ಬರಿಮೈ ಕುದುರೆ ಹಿಂದೆ. ಕ್ಷೌರಿಕ ಬೇಲಿಯ ಬಳಿ ಗಟ್ಟಿಯಾಗಿ ಎಣಿಸಿದ: "ಎಂಟು, ಒಂಬತ್ತು, ಹತ್ತು! ಏನೇ ಹೇಳಿ ಅಜ್ಜಿ, ಮೂರೇ ತಿಂಗಳಲ್ಲಿ ನಮ್ಮ ಗುಮಾಸ್ತರು ಚೆನ್ನಾಗಿ ಪಳಗಿದ್ದಾರೆ."