ಅತ್ತೆಯವರ ಎರಡು ದವಡೆಗಳ ವಿಚಾರ

ಹಲ್ಲು ವಿನ್ಯಾಸದ ಸಾಫ್ಟ್‌ವೇರ್ ಸಂಸ್ಥೆಯ ಘನ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಕುಟುಂಬವರ್ಗದವರೂ, ತಮ್ಮ ಸರ್ವರ್‌ಗಳೂ, ಹೇಳದೆ ಕೇಳದೆ ಬಂದು ಕೆಲಸದ ಹೊತ್ತಿನಲ್ಲೇ ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುವ ತಮ್ಮ ಅಪ್‌ಡೇಟ್‌ಗಳೂ ಸರ್ವವಿಧದಲ್ಲಿ ಕ್ಷೇಮವಾಗಿರಲೆಂದು ಹಾರೈಸುತ್ತಾ ಈ ಪತ್ರವನ್ನು ಆರಂಭಿಸುತ್ತೇನೆ. ತಮ್ಮ ದೂರು ವಿಭಾಗದವರು ದೂರು ಬರೆಯಲು ಕೊಟ್ಟಿರುವ ಜಾಗ ಅಂಗೈಯಗಲವೂ ಇಲ್ಲ. ನನ್ನ ದೂರು ಅದರಲ್ಲಿ ಹಿಡಿಸಲಿಲ್ಲ. ಆದ್ದರಿಂದ ಒಂದು ಪ್ರತಿಯನ್ನು ನಾಲ್ಕು ಜನ ಓದಲೆಂದು ನಮ್ಮ ಲ್ಯಾಬಿನ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ಅಂಚೆಗೆ ಹಾಕುತ್ತಿದ್ದೇನೆ.

ನಾನು ಯಾರೆಂದು ತಮಗೆ ತಿಳಿದಿರಲಿಕ್ಕಿಲ್ಲ. ಹಲ್ಲಿನ ಸೆಟ್ಟು ತಯಾರಿಸುವ ಒಂದು ಪುಟ್ಟ ಲ್ಯಾಬಿನ ಮುಂದಿನ ಮೇಜಿನಲ್ಲಿ ಕೂತು ಫೋನು ಎತ್ತುವವಳು, ದಂತವೈದ್ಯರು ಕಳಿಸಿದ ಡಬ್ಬಿಗಳಿಗೆ ಚೀಟಿ ಅಂಟಿಸುವವಳು, ಅದಕ್ಕಿಂತ ಹೆಚ್ಚಾಗಿ ಈ ಮನೆಯ ಹಿರಿಸೊಸೆ. ನನ್ನ ಬೆನ್ನ ಹಿಂದೆ ಎರಡು ಕೋಣೆಗಳು, ನಡುವೆ ಒಂದು ತೆಳು ಹಲಗೆಯ ಗೋಡೆ, ಗೋಡೆಯ ನಡುವೆ ಬಾಗಿಲಿಲ್ಲದ ಒಂದು ಹೊಸ್ತಿಲು. ಎಡಗಡೆ ತಮ್ಮ ಸಂಸ್ಥೆಯ ಸಾಫ್ಟ್‌ವೇರಿನಲ್ಲಿ ನಮ್ಮ ಯಜಮಾನರು ಹಲ್ಲಿನ ನಕ್ಷೆ ಬಿಡಿಸುತ್ತಾರೆ. ಬಲಗಡೆ ತಮ್ಮ ಪ್ರತಿಸ್ಪರ್ಧಿ ಸಂಸ್ಥೆಯ ಸಾಫ್ಟ್‌ವೇರಿನಲ್ಲಿ ನನ್ನ ಮೈದುನ ಹಲ್ಲಿನ ನಕ್ಷೆ ಬಿಡಿಸುತ್ತಾನೆ. ಇಬ್ಬರೂ ಒಂದೇ ತಾಯಿಯ ಮಕ್ಕಳು, ಇಬ್ಬರಿಗೂ ಕೆಲಸ ಕಲಿಸಿದ್ದು ಒಬ್ಬರೇ ತಂದೆ. ತಾವು ಮತ್ತು ತಮ್ಮ ಪ್ರತಿಸ್ಪರ್ಧಿಗಳು ಬರುವ ತನಕ ಇಬ್ಬರಿಗೂ ಒಂದೇ ಕೋಣೆ ಸಾಕಾಗಿತ್ತು.

ಅಂತರ್ಜಾಲದಲ್ಲಿ ಹಲ್ಲು ಮಾಡುವವರದೇ ಒಂದು ಹರಟೆಕಟ್ಟೆ ಇರುವುದು ತಮಗೆ ಗೊತ್ತೇ ಇದೆ. ಅಲ್ಲಿ ‘ಗಟ್ಟಿದವಡೆ’ ಎಂಬ ಹೆಸರಿನಲ್ಲಿ ಹಗಲಿಡೀ ತಮ್ಮ ಪರವಾಗಿ ಕತ್ತಿ ಝಳಪಿಸುವ ವೀರರು ನಮ್ಮ ಯಜಮಾನರೇ. ‘ಕೋರೆಹಲ್ಲು’ ಎಂಬ ಹೆಸರಿನಲ್ಲಿ ತಮ್ಮನ್ನು ದರೋಡೆಕೋರರೆಂದು ಕರೆಯುವ ಮಹಾಶಯ ನನ್ನ ಮೈದುನ. ಅವನ ಪರವಾಗಿ ನಾನು ಕ್ಷಮೆ ಕೇಳುವುದಿಲ್ಲ, ಏಕೆಂದರೆ ನಮ್ಮವರು ಅವನ ಸಂಸ್ಥೆಯನ್ನು ಕರೆಯುವ ಹೆಸರು ಇದಕ್ಕಿಂತ ಕೆಟ್ಟದ್ದಾಗಿದೆ. ಗೋಡೆಯ ಈ ಕಡೆ ಟಕಟಕ ಶಬ್ದವಾಗಿ ನಿಂತರೆ ಆ ಕಡೆ ಟಕಟಕ ಶುರುವಾಗುತ್ತದೆ. ನಡುವೆ ಕೂತ ನನಗೆ ಒಂದಕ್ಷರ ಓದದೆಯೂ ಈ ಸುತ್ತಿನಲ್ಲಿ ಯಾರು ಗೆದ್ದರೆಂಬುದು ಗೊತ್ತಾಗುತ್ತದೆ, ಗೆದ್ದವರು ಕೆಮ್ಮುತ್ತಾರೆ. ಸಂಬಳವಿಲ್ಲದೆ, ರಜೆಯಿಲ್ಲದೆ, ಮುಖಪರಿಚಯವೂ ಇಲ್ಲದ ಧಣಿಗಾಗಿ ಒಡಹುಟ್ಟಿದವನನ್ನೇ ಎದುರುಹಾಕಿಕೊಳ್ಳುವ ಇಂಥ ನೌಕರ ತಮ್ಮ ಕಚೇರಿಯಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ನನಗೆ ತೋರಿಸಬೇಕು. ಊಟದ ಮೇಜಿನಲ್ಲಿ ಅವರಿಬ್ಬರ ನಡುವಿನ ಟಪಾಲು ನಾನೇ. ‘ಉಪ್ಪು ಈ ಕಡೆ ಕೊಡೋಕೆ ಹೇಳು ಅವನಿಗೆ’ ಎಂದು ಇವರು. ‘ಅಪ್‌ಡೇಟ್ ಆದಾಗಿನಿಂದ ಅಣ್ಣನಿಗೆ ನೇರವಾಗಿ ಮಾತಾಡೋಕೂ ಬರಲ್ವಾ ಕೇಳಿ ಅತ್ತಿಗೆ’ ಎಂದು ಅವನು. ಉಪ್ಪು ನನ್ನ ಕೈಯಿಂದಲೇ ಹೋಗುತ್ತದೆ.

ಇನ್ನು ಅತ್ತೆಯವರು. ಸುಳ್ಳೇಕೆ ಹೇಳಲಿ, ನನಗೆ ಅತ್ತೆಯೆಂದರೆ ಪ್ರಾಣ. ಸಂಜೆ ಲ್ಯಾಬಿನ ಬಾಗಿಲು ಮುಚ್ಚಿದ ಮೇಲೆ ಮುಂದಿನ ಮೆಟ್ಟಿಲ ಮೇಲೆ ನಾವಿಬ್ಬರೂ ಕೂತು, ಮಡಿಲಲ್ಲಿ ಹುರಿದ ಕಡಲೆಬೀಜ ಹಾಕಿಕೊಂಡು, ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ನನ್ನ ದಿನದ ಒಳ್ಳೆಯ ಹೊತ್ತು ಅದು. ಅತ್ತೆಯವರಿಗೆ ಒಂದು ಸ್ವಭಾವ: ಮಕ್ಕಳಿಬ್ಬರ ನಡುವೆ ಯಾವುದರಲ್ಲೂ ಹೆಚ್ಚುಕಡಿಮೆ ಮಾಡಿದವರಲ್ಲ. ಬಿಸ್ಕತ್ತು ಒಂದೇ ಇದ್ದರೆ ಮುರಿದು, ಎರಡು ಚೂರನ್ನೂ ಪಕ್ಕಪಕ್ಕ ಹಿಡಿದು ನೋಡಿ, ದೊಡ್ಡದರ ತುದಿಯನ್ನು ತಾವೇ ಕಚ್ಚಿ ಸಮ ಮಾಡಿ ಕೊಟ್ಟವರು. ಮನೆಗೆ ಒಂದು ಸೈಕಲ್ಲು ಬಂದಾಗ ಬೆಳಿಗ್ಗೆ ದೊಡ್ಡವನಿಗೆ, ಸಂಜೆ ಚಿಕ್ಕವನಿಗೆ ಎಂದು ತೀರ್ಪು ಕೊಟ್ಟವರು. ಅವರ ಹಳೆಯ ಹಲ್ಲಿನ ಸೆಟ್ಟು ಮುಖ ತೊಳೆಯುವಾಗ ಕೈಜಾರಿ ಸಿಂಕಿನಲ್ಲಿ ಬಿದ್ದು ಚೂರಾದಾಗ, ನಾನು ಮಾಡುತ್ತೇನೆ, ನಾನು ಮಾಡುತ್ತೇನೆ ಎಂದು ಎರಡು ಕೋಣೆಗಳಿಂದ ಇಬ್ಬರೂ ಎದ್ದು ಬಂದರು. ಅತ್ತೆ ಒಮ್ಮೆ ಇವರ ಮುಖ ನೋಡಿದರು, ಒಮ್ಮೆ ಅವನ ಮುಖ ನೋಡಿದರು. ಮೇಲಿನ ಸಾಲು ದೊಡ್ಡವನಿಗೆ, ಕೆಳಗಿನ ಸಾಲು ಚಿಕ್ಕವನಿಗೆ, ಇನ್ನು ಜಗಳ ಬೇಡ ಎಂದರು.

ಇಷ್ಟು ವರ್ಷ ಹಲ್ಲು ಮಾಡುವವರ ಮನೆಯಲ್ಲಿ ಬಾಳಿದ ಹೆಂಗಸು ತನ್ನ ಬಾಯಿಯನ್ನೇ ಪಾಲು ಮಾಡಿದಳಲ್ಲ ಎಂದು ತಾವು ನಗಬಹುದು, ನಗಿ. ಆದರೆ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಎದುರುಬದುರು ಇಟ್ಟುಕೊಂಡೇ ಮಾಡಬೇಕೆಂಬುದು ಗೊತ್ತಿದ್ದ ಇಬ್ಬರು ನುರಿತ ಕೆಲಸಗಾರರು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡರಲ್ಲ, ಅದಕ್ಕೆ ಏನು ಹೇಳುತ್ತೀರಿ? ತನ್ನ ಸಾಲಿನ ಅಂದ ನೋಡಿ ಎದುರಿನವನ ಸಾಲು ನಾಚಿಕೊಳ್ಳಲಿ ಎಂಬುದೇ ಇಬ್ಬರ ಆಸೆ. ಇವರು ಅತ್ತೆಯ ಬಾಯನ್ನು ತಮ್ಮ ಯಂತ್ರದಿಂದ ಸ್ಕ್ಯಾನ್ ಮಾಡಿದರು, ಅವನು ಅದೇ ಬಾಯನ್ನು ತನ್ನ ಯಂತ್ರದಿಂದ ಸ್ಕ್ಯಾನ್ ಮಾಡಿದ. ಬಾಯಿ ತೆರೆದು ತೆರೆದು ಅತ್ತೆಗೆ ದವಡೆ ನೋವು ಬಂತು.

ಎರಡೂ ಸಾಲು ಸಿದ್ಧವಾಗುವ ಹೊತ್ತಿಗೆ, ಒಂದಕ್ಕೊಂದು ಕೂರುತ್ತದೆಯೋ ಇಲ್ಲವೋ ನೋಡಬೇಕೆಂಬ ಬುದ್ಧಿ ಬಂದದ್ದು ನನಗೆ. ಮೈದುನನಿಂದ ಅವನ ಫೈಲನ್ನು ಇಸಿದುಕೊಂಡು ಯಜಮಾನರ ಕಂಪ್ಯೂಟರಿಗೆ ಹಾಕಿದೆ. ಈ ಫೈಲನ್ನು ತೆರೆಯಲು ತಮಗೆ ಹಕ್ಕಿಲ್ಲ ಎಂದಿತು. ಇವರ ಫೈಲನ್ನು ಅಲ್ಲಿಗೆ ಒಯ್ದೆ. ಅದೂ ಹಾಗೆಯೇ ಎಂದಿತು, ಆದರೆ ಹೆಚ್ಚು ವಿನಯದಿಂದ. ತಮ್ಮ ಸಹಾಯವಾಣಿಗೆ ಫೋನು ಮಾಡಿ, ಅಮ್ಮಾ, ಇದು ನಮ್ಮ ಅತ್ತೆಯವರ ಕೆಳದವಡೆ, ಒಂದು ಸಲ ನೋಡಲು ಬಿಡಿ ಎಂದು ಬೇಡಿಕೊಂಡೆ. ಆ ಹುಡುಗಿ ಬಹಳ ಸಭ್ಯಳು. ‘ಕ್ಷಮಿಸಿ ಮೇಡಂ, ಆ ದವಡೆ ನಮ್ಮದಲ್ಲ’ ಎಂದಳು. ಆ ಸಂಸ್ಥೆಗೆ ಫೋನು ಮಾಡಿದರೆ ಮೇಲ್ದವಡೆ ತಮ್ಮದಲ್ಲವೆಂದು ಅವರೂ ಕೈತೊಳೆದುಕೊಂಡರು. ಅಲ್ಲಿಗೆ ನಾಡಿನಾದ್ಯಂತ ಹಾವು ಮುಂಗುಸಿಗಳಂತಿರುವ ತಾವಿಬ್ಬರೂ ಒಂದು ವಿಷಯದಲ್ಲಾದರೂ ಒಮ್ಮತಕ್ಕೆ ಬಂದಿರುವುದನ್ನು ಕಂಡು ನನ್ನ ಕಣ್ಣು ತುಂಬಿ ಬಂತು.

ತಮ್ಮ ಲೈಸೆನ್ಸಿನ ಷರತ್ತುಗಳನ್ನು ಅಂದೇ ಮೊದಲ ಬಾರಿಗೆ ಪೂರ್ತಿ ಓದಿದೆ. ಎಂಥ ದೂರದೃಷ್ಟಿ! ತಮ್ಮಿಂದ ವಿನ್ಯಾಸಗೊಂಡ ಸಾಲನ್ನು ತಾವು ಒಪ್ಪಿದ ಉತ್ಪನ್ನದೊಡನೆ ಮಾತ್ರ ಬಳಸತಕ್ಕದ್ದು, ಉಜ್ಜಿ ಕೆತ್ತಿ ಮಾರ್ಪಡಿಸಿದರೆ ಗ್ಯಾರಂಟಿ ರದ್ದು. ಅಂದರೆ ಅತ್ತೆಯ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟಿದರೆ ಅದು ಕರಾರುಭಂಗ. ಇಷ್ಟು ಪತಿವ್ರತೆಯಂಥ ಹಲ್ಲನ್ನು ನಾನು ಹಿಂದೆ ಕಂಡಿರಲಿಲ್ಲ. ಮುಂದಿನ ಅಪ್‌ಡೇಟಿನಲ್ಲಿ ಅತ್ತೆಯವರ ನಾಲಿಗೆಯನ್ನೂ ನೋಂದಾಯಿಸಿಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಆ ಪಾಪದ್ದು ಎರಡೂ ಪಕ್ಷಗಳ ನಡುವೆ ಯಾವ ಪಾಸ್‌ವರ್ಡೂ ಇಲ್ಲದೆ ಓಡಾಡುತ್ತಿದೆ.

ಸೆಟ್ಟು ಹಾಕಿಕೊಂಡಾಗ ಆದದ್ದೇನೆಂದರೆ, ಮೇಲಿನ ಸಾಲು ಪೂರ್ವಕ್ಕೆ, ಕೆಳಗಿನದು ಪಶ್ಚಿಮಕ್ಕೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಮುತ್ತು ಪೋಣಿಸಿದ ಹಾಗಿವೆ, ಬಾಯಿ ಮುಚ್ಚಿದರೆ ಬಲಗಡೆ ಒಂದೆರಡು ಹಲ್ಲು ಮಾತ್ರ ಗುದ್ದಾಡುತ್ತವೆ, ಉಳಿದವು ದೂರದಿಂದಲೇ ಒಂದನ್ನೊಂದು ನೋಡುತ್ತಿರುತ್ತವೆ. ಮಾತಾಡಿದರೆ ಸಿಳ್ಳೆ. ‘ಸೊಸೆ’ ಎಂದು ಅತ್ತೆ ನನ್ನನ್ನು ಕರೆದರೆ ಎದುರುಮನೆಯ ನಾಯಿ ಬಾಲ ಅಲ್ಲಾಡಿಸುತ್ತಾ ಬಂದು ನಿಲ್ಲತೊಡಗಿತು. ಮೊದಮೊದಲು ನಾವಿಬ್ಬರೂ ಬಿದ್ದುಬಿದ್ದು ನಕ್ಕೆವು. ಆಮೇಲೆ ಅತ್ತೆ ಮಾತು ಕಡಿಮೆ ಮಾಡಿದರು, ಊಟ ಕಡಿಮೆ ಮಾಡಿದರು, ಮೆತ್ತಗೆ ಕಿವುಚಿದ ಬಾಳೆಹಣ್ಣಿನಲ್ಲೇ ದಿನ ದೂಡತೊಡಗಿದರು. ಸಂಜೆ ಮೆಟ್ಟಿಲಿಗೆ ಬರುವುದನ್ನೂ ಬಿಟ್ಟರು. ಒಬ್ಬಳೇ ಕೂತು ಕಡಲೆಬೀಜ ತಿಂದರೆ ಅದು ಗಂಟಲಲ್ಲಿ ಇಳಿಯುವುದಿಲ್ಲ, ಮಾನ್ಯರೇ. ರವಿಕೆಯ ತೋಳು ಸಡಿಲವಾಗುವಷ್ಟು ಅವರು ಇಳಿದುಹೋದದ್ದನ್ನು ಕಂಡು ನನಗೆ ಹೆದರಿಕೆಯಾಯಿತು.

ಆ ಹೊತ್ತಿಗೆ ಸುಪುತ್ರರು ಏನು ಮಾಡುತ್ತಿದ್ದರು ಗೊತ್ತೇ? ತಂತಮ್ಮ ಸಾಲಿನ ಫೋಟೋ ತೆಗೆದು ಹರಟೆಕಟ್ಟೆಗೆ ಏರಿಸಿದ್ದರು. ನೂರಾರು ಜನ ಮೇಲ್ದವಡೆಯ ಪಕ್ಷ, ಕೆಳದವಡೆಯ ಪಕ್ಷ ಎಂದು ಎರಡಾಗಿ, ಒಬ್ಬರ ಜನ್ಮ ಒಬ್ಬರು ಜಾಲಾಡಿದರು. ಫೈಲಿಗೆ ಬೀಗ ಹಾಕುವುದು ಸಂಸ್ಥೆಯ ಹಕ್ಕೆಂದು ಒಬ್ಬ, ಬೀಗ ಒಡೆಯುವುದು ಮನುಷ್ಯನ ಹಕ್ಕೆಂದು ಇನ್ನೊಬ್ಬ. ಆ ಮುದುಕಿ ಬಾಯಿ ತೆರೆಯುವ ಮುನ್ನ ಷರತ್ತುಗಳನ್ನು ಓದಬೇಕಿತ್ತು ಎಂದ ಮಹಾನುಭಾವನೊಬ್ಬನಿಗೆ ಬಹಳಷ್ಟು ಚಪ್ಪಾಳೆಗಳೂ ಬಿದ್ದವು. ಅಷ್ಟು ಜನರಲ್ಲಿ ಒಬ್ಬರೂ, ಅಜ್ಜಿ ಊಟ ಮಾಡಿದರೇ ಎಂದು ಕೇಳಲಿಲ್ಲ.

ಸರಿಮಾಡುವುದು ದೊಡ್ಡ ವಿದ್ಯೆಯೇನಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನೀಲಿ ಕಾಗದವನ್ನು ಕಚ್ಚಿಸಿ, ಬಣ್ಣ ಹತ್ತಿದ ಕಡೆ ಮೇಲೊಂದಿಷ್ಟು ಕೆಳಗೊಂದಿಷ್ಟು ಉಜ್ಜುತ್ತಾ ಹೋದರೆ ಎರಡೂ ಸಾಲು ಹೊಂದಿಕೊಳ್ಳುತ್ತವೆ. ಆದರೆ ಮೊದಲು ಉಜ್ಜುವವರು ಯಾರು? ಉಜ್ಜಿದರೆ ತಪ್ಪೊಪ್ಪಿಕೊಂಡ ಹಾಗೆ, ಮೇಲಾಗಿ ಗ್ಯಾರಂಟಿಯೂ ಹೋಗುತ್ತದೆ. ‘ಅವನೇ ಮೊದಲು ಉಜ್ಜಲಿ’ ಎಂದು ಈ ಕೋಣೆ, ‘ಅಣ್ಣನೇ ಉಜ್ಜಲಿ’ ಎಂದು ಆ ಕೋಣೆ. ಟಪಾಲಿಗೆ, ಅಂದರೆ ನನಗೆ, ಸಾಕುಸಾಕಾಯಿತು.

ಕಳೆದ ವಾರ ಮಧ್ಯಾಹ್ನ ಅತ್ತೆಯವರು ಲ್ಯಾಬಿಗೆ ಬಂದರು. ಎರಡು ಕೋಣೆಗಳ ನಡುವಿನ ಹೊಸ್ತಿಲ ಮೇಲೆ ಕಾಲು ಚಾಚಿ ಕೂತರು. ಬಾಯಿಂದ ಎರಡೂ ಸಾಲುಗಳನ್ನು ತೆಗೆದು ಸೆರಗಿನ ಮೇಲಿಟ್ಟುಕೊಂಡು, ನನ್ನ ಉಗುರು ಉಜ್ಜುವ ಅರವನ್ನು ಸೊಂಟದಿಂದ ಹೊರತೆಗೆದು, ಮೇಲಿನ ಸಾಲಿಗೆ ನಾಲ್ಕು ಉಜ್ಜು, ಕೆಳಗಿನ ಸಾಲಿಗೆ ನಾಲ್ಕು ಉಜ್ಜು, ಯಾರಿಗೂ ಅನ್ಯಾಯವಾಗದಂತೆ ಉಜ್ಜತೊಡಗಿದರು. ಕರಕರ ಶಬ್ದಕ್ಕೆ ನನ್ನ ಮೈ ಜುಮ್ಮೆಂದಿತು. ಎರಡೂ ಕಡೆಯ ಟಕಟಕ ಒಟ್ಟಿಗೆ ನಿಂತಿತು. ‘ಅಮ್ಮಾ!’ ಎಂದು ಇಬ್ಬರೂ ಒಂದೇ ಉಸಿರಿಗೆ ಕೂಗಿಕೊಂಡು ಓಡಿ ಬಂದರು. ಅವರಿಬ್ಬರು ಒಂದೇ ಮಾತನ್ನು ಆಡಿದ್ದನ್ನು ನಾನು ಕೇಳಿ ಯಾವ ಕಾಲವಾಗಿತ್ತೋ! ಅತ್ತೆ ತಲೆ ಎತ್ತಲಿಲ್ಲ. ಬೊಚ್ಚುಬಾಯಲ್ಲಿ ಅವರು ಗೊಣಗಿದ್ದು ಇಷ್ಟೇ: ‘ನನ್ನ ಬಾಯಿ. ನನಗೆ ಹಕ್ಕಿದೆ.’

ಆಮೇಲಿನ ಅಪರಾಧದ ವಿವರವನ್ನು ಮುಚ್ಚುಮರೆಯಿಲ್ಲದೆ ನಿವೇದಿಸುತ್ತೇನೆ. ಯಜಮಾನರು ಅರವನ್ನು ಕಿತ್ತುಕೊಂಡರು, ಮೈದುನ ನೀಲಿ ಕಾಗದ ತಂದ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಬಗ್ಗಿ, ಕಚ್ಚಿಸಿದರು, ತೆಗೆದರು, ಉಜ್ಜಿದರು, ಮತ್ತೆ ಕಚ್ಚಿಸಿದರು. ‘ನಿಂದೇ ಒಂಚೂರು ಎತ್ತರ ಇದೆ ನೋಡೋ.’ ‘ನಂದಲ್ಲ, ನಿಂದು. ಕೊಡು ಇಲ್ಲಿ, ನಾನೇ ಉಜ್ತೀನಿ.’ ‘ಮೆಲ್ಲಗೆ ಕಣೋ, ಅಮ್ಮನ ಹಲ್ಲು ಅದು.’ ತಮ್ಮ ಸಂಸ್ಥೆಯ ಹಲ್ಲನ್ನು ಮೈದುನ ಉಜ್ಜಿದ, ತಮ್ಮ ಪ್ರತಿಸ್ಪರ್ಧಿಗಳ ಹಲ್ಲನ್ನು ಯಜಮಾನರು ಉಜ್ಜಿದರು. ನಾನು ಮುಂದಿನ ಮೇಜಿನಲ್ಲಿ ಕೂತು ಫೋನು ಬಡಿದುಕೊಳ್ಳುತ್ತಿದ್ದರೂ ಎತ್ತದೆ ಕೇಳುತ್ತಾ ಇದ್ದೆ. ಸಂಜೆ ಅತ್ತೆ ನೀಲಿ ನಾಲಿಗೆಯೊಡನೆ ಮೆಟ್ಟಿಲಿಗೆ ಬಂದು, ಒಂದು ಕಡಲೆಬೀಜವನ್ನು ಬಾಯಿಗೆ ಹಾಕಿಕೊಂಡು ಕಟುಂ ಎನ್ನಿಸಿದರು. ನನಗೆ ಅಳು ಬಂತು. ‘ಅಯ್ಯೋ ಹುಚ್ಚಿ, ನೀನೂ ತಿನ್ನು’ ಎಂದರು, ಸಿಳ್ಳೆಯಿಲ್ಲದೆ.

ಆದ್ದರಿಂದ ಮಾನ್ಯರೇ, ತಮ್ಮ ಗ್ಯಾರಂಟಿಯನ್ನು ತಕ್ಷಣ ರದ್ದುಪಡಿಸಿ ನಮ್ಮನ್ನು ಕೃತಾರ್ಥರನ್ನಾಗಿಸಬೇಕು. ಅತ್ತೆಯವರ ಮೇಲೆ ಮೊಕದ್ದಮೆ ಹೂಡುವುದಾದರೆ ಅವಶ್ಯ ಹೂಡಿ. ಸಾಕ್ಷ್ಯವು ಅವರ ಬಾಯಲ್ಲೇ ಇದೆ, ಪರೀಕ್ಷೆಗೆ ಬರುವ ತಮ್ಮ ಅಧಿಕಾರಿಗಳು ಬೆರಳನ್ನು ಮಾತ್ರ ಜೋಪಾನ ಮಾಡಿಕೊಳ್ಳಲಿ. ಯಜಮಾನರ ಇಷ್ಟು ದಿನದ ಸೇವೆಯನ್ನು ಪರಿಗಣಿಸಿ ಅವರನ್ನು ಸಕಲ ಮರ್ಯಾದೆಗಳೊಡನೆ ನಿವೃತ್ತಿಗೊಳಿಸಬೇಕೆಂದೂ, ಒಂದು ಶಾಲು ಕಳಿಸಿದರೆ ಸಾಕೆಂದೂ ಬೇಡುತ್ತೇನೆ.

ಸೊಸೆಯ ಸ್ಥಾನದಿಂದ ಕದಲದ, ಟಪಾಲಿನ ಕೆಲಸದಿಂದ ಮುಕ್ತಳಾದ,
ತಮ್ಮ ವಿಶ್ವಾಸಿ,
ಲ್ಯಾಬಿನ ಮುಂದಿನ ಮೇಜಿನವಳು

ತಾ.ಕ.: ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಒಬ್ಬರಿಗೆ ಮಾತ್ರ ಕಳಿಸಿದರೆ ಇನ್ನೊಬ್ಬರಿಗೆ ಅನ್ಯಾಯವಾಗುತ್ತದೆ ಎಂದರು. ಅವರ ಅಪ್ಪಣೆಯಂತೆ ಇದನ್ನು ನಡುಮಧ್ಯೆ ಹರಿದು ಮೇಲಿನರ್ಧವನ್ನು ತಮಗೂ, ಕೆಳಗಿನರ್ಧವನ್ನು ತಮ್ಮ ಪ್ರತಿಸ್ಪರ್ಧಿಗಳಿಗೂ ಕಳಿಸುತ್ತಿದ್ದೇನೆ. ತಾವೀಗ ಕೆಳಗಿನರ್ಧದಲ್ಲಿರುವ ಈ ಸಾಲನ್ನು ಓದುತ್ತಿದ್ದೀರೆಂದರೆ, ಕೊನೆಗೂ ಅವರ ಬಾಗಿಲು ತಟ್ಟಿ ಒಳಗೆ ಹೋಗಿ ಒಂದೇ ಮೇಜಿಗೆ ಕೂತಿದ್ದೀರೆಂದಾಯಿತು, ಬಹಳ ಸಂತೋಷ. ಎರಡು ಅರ್ಧಗಳು ಸರಿಯಾಗಿ ಕೂಡದೆ ಅಲ್ಲೂ ಜಗಳವಾದರೆ ಹೇಳಿ ಕಳುಹಿಸಿ, ಅತ್ತೆ ಅರ ಹಿಡಿದುಕೊಂಡು ಬರುತ್ತಾರೆ.